ಎನ್‌ವಿಡಿಎ ಸ್ಕ್ರೀನ್ ರೀಡರ್: ಓದುವ ಯಂತ್ರ ಸಿದ್ಧವಿದೆ, ಓದಿಸಿಕೊಳ್ಳುವ ಕನ್ನಡ ಸಿದ್ಧವಿಲ್ಲ

ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳಲ್ಲಿ ವಿಂಡೋಸ್ ಬಳಸುವವರಿಗೆ ಗೊತ್ತಿರುವ ದೊಡ್ಡ ಹೆಸರುಗಳು ಎರಡು: ಜಾಸ್ ಮತ್ತು ಎನ್‌ವಿಡಿಎ. ಜಾಸ್‌ಗೆ ಪರವಾನಗಿ ಶುಲ್ಕ ಕಟ್ಟಬೇಕು. ಅದು ನಮ್ಮಲ್ಲಿ ಬಹುತೇಕ ಅಂಧರು ಸ್ವಂತ ಜೇಬಿನಿಂದ ಕೊಡಬಲ್ಲ ಮೊತ್ತವಲ್ಲ. ಎನ್‌ವಿಡಿಎ ಪೂರ್ತಿ ಉಚಿತ, ಮೂಲ ಸಂಕೇತವೂ ಮುಕ್ತ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರ್ರನ್ ಇದನ್ನು ಆರಂಭಿಸಿದರು, ಜೇಮ್ಸ್ ಟೆಹ್ ಆಮೇಲೆ ಜೊತೆಯಾದರು. ಇಬ್ಬರೂ ಅಂಧರೇ. ಕಣ್ಣಿರುವವರಿಗಿಂತ ಒಂದು ಪೈಸೆ ಹೆಚ್ಚು ಕೊಡದೆ ಅಂಧರೂ ಕಂಪ್ಯೂಟರ್ ಬಳಸುವಂತಾಗಬೇಕು ಎಂಬ ಹಠವೇ ಈ ತಂತ್ರಾಂಶದ ಬೇರು.

ಇಲ್ಲಿ ಅದನ್ನು ಅಳೆದಿರುವುದು ಕನ್ನಡದಲ್ಲಿ ಕೆಲಸ ಮಾಡಬೇಕಾದವರ ಕಡೆಯಿಂದ. ತಾಲ್ಲೂಕು ಕಚೇರಿಯ ದ್ವಿತೀಯ ದರ್ಜೆ ಸಹಾಯಕರು, ಬ್ಯಾಂಕಿನ ಗುಮಾಸ್ತರು, ಶಾಲಾ ಶಿಕ್ಷಕರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು. ಅಂಕವನ್ನು ಮೊದಲೇ ಹೇಳಿಬಿಡುವುದಾದರೆ, ತಂತ್ರಾಂಶಕ್ಕೆ ಐದರಲ್ಲಿ ನಾಲ್ಕೂವರೆ. ಅದರ ಮುಂದೆ ನಾವು ತಂದಿಡುವ ಕನ್ನಡ ಫೈಲು, ಪಿಡಿಎಫ್, ಅರ್ಜಿ ನಮೂನೆಗಳಿಗೆ ಎರಡು ಕೊಟ್ಟರೂ ಧಾರಾಳವಾದೀತು.

ಹಾಕಿಕೊಳ್ಳುವುದು ಸುಲಭ. ಅನುಸ್ಥಾಪನೆಯ ಫೈಲು ತೆರೆದ ಕೂಡಲೇ ದನಿ ಶುರುವಾಗುತ್ತದೆ, ಆದ್ದರಿಂದ ಪಕ್ಕದಲ್ಲಿ ಕಣ್ಣಿರುವವರು ಕೂರಲೇಬೇಕೆಂದಿಲ್ಲ. ಆಗ ಮೂರು ಆಯ್ಕೆ ಮುಂದೆ ಬರುತ್ತವೆ: ಕಂಪ್ಯೂಟರಿಗೆ ಹಾಕುವುದು, ಪೆನ್‌ಡ್ರೈವ್‌ನಲ್ಲಿ ಒಯ್ಯುವ ಪ್ರತಿ ಮಾಡಿಕೊಳ್ಳುವುದು, ಈ ಸಲಕ್ಕೆ ಹಾಗೇ ಓಡಿಸುವುದು. ಕಚೇರಿಯ ಕಂಪ್ಯೂಟರಿನಲ್ಲಿ ಅಡ್ಮಿನ್ ಪಾಸ್‌ವರ್ಡ್ ಇಲ್ಲದವರಿಗೆ ಪೆನ್‌ಡ್ರೈವ್ ಪ್ರತಿಯೇ ಗತಿ. ಅದಕ್ಕೆ ಒಂದು ಮಿತಿ ಇದೆ. ‘ಈ ಪ್ರೋಗ್ರಾಂಗೆ ಬದಲಾವಣೆ ಮಾಡಲು ಬಿಡಬೇಕೇ’ ಎಂದು ವಿಂಡೋಸ್ ಕೇಳುವ ಪರದೆಯನ್ನು ಅದು ಓದಲಾರದು, ಲಾಗಿನ್ ಪರದೆಯಲ್ಲಿ ಮಾತಾಡಲಾರದು. ‘ಪೆನ್‌ಡ್ರೈವ್‌ನಲ್ಲಿ ನಡೆಯುತ್ತಲ್ಲ, ಸಾಕು ಬಿಡಿ’ ಎನ್ನುವ ಐಟಿ ವಿಭಾಗ ಆ ನೌಕರನನ್ನು ಪ್ರತಿ ಬೆಳಿಗ್ಗೆ ಲಾಗಿನ್‌ಗಾಗಿ ಪಕ್ಕದ ಮೇಜಿನವರನ್ನು ಕರೆಯುವ ಸ್ಥಿತಿಯಲ್ಲಿ ಇಟ್ಟಿರುತ್ತದೆ. ಅಡ್ಮಿನ್ ಹಕ್ಕಿನಿಂದ ಒಂದು ಸಲ ಸರಿಯಾಗಿ ಹಾಕಿ, ‘ಸೈನ್ ಇನ್ ವೇಳೆಯಲ್ಲೂ ಬಳಸು’ ಎಂಬ ಪೆಟ್ಟಿಗೆಗೆ ಗುರುತು ಹಾಕಿದರೆ ಮುಗಿಯುತ್ತದೆ. ಆಮೇಲೆ ಕಂಟ್ರೋಲ್, ಆಲ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿದರೆ ಯಾವಾಗ ಬೇಕಾದರೂ ಎದ್ದು ಬರುತ್ತದೆ.

ಹೊಸಬರು ಎಡವುವುದು ಕನ್ನಡ ದನಿಯಲ್ಲಿ. ವಿಂಡೋಸ್ 10 ಮತ್ತು 11ರಲ್ಲಿ ಎನ್‌ವಿಡಿಎ ಮೊದಲು ಎತ್ತಿಕೊಳ್ಳುವುದು ವಿಂಡೋಸಿನದೇ ಒನ್‌ಕೋರ್ ದನಿಯನ್ನು, ಅದೂ ಸಾಮಾನ್ಯವಾಗಿ ಇಂಗ್ಲಿಷಿನದು. ಕನ್ನಡ ಸಾಲು ಎದುರಾದರೆ ಆ ದನಿ ಏನೂ ಹೇಳದೆ ದಾಟಿ ಹೋಗುತ್ತದೆ. ಕೇಳುವವರಿಗೆ ಪುಟವೇ ಖಾಲಿ ಇದ್ದಂತೆ. ‘ಎನ್‌ವಿಡಿಎ ಕನ್ನಡ ಓದಲ್ಲ’ ಎಂಬ ಮಾತು ಹುಟ್ಟಿದ್ದು ಇಲ್ಲೇ ಇರಬೇಕು. ಪರಿಹಾರ ಅದರೊಳಗೇ ಇದೆ. ಎನ್‌ವಿಡಿಎ ಕೀ ಎಂದರೆ ಇನ್ಸರ್ಟ್, ಅಥವಾ ಹಾಗೆ ಹೊಂದಿಸಿಕೊಂಡರೆ ಕ್ಯಾಪ್ಸ್‌ಲಾಕ್. ಅದನ್ನು ಹಿಡಿದು ಕಂಟ್ರೋಲ್ ಮತ್ತು ಎಸ್ ಒತ್ತಿ, ಬರುವ ಪಟ್ಟಿಯಲ್ಲಿ ಇಸ್ಪೀಕ್ ಎನ್‌ಜಿ ಎಂಬ ದನಿ ತಂತ್ರಾಂಶವನ್ನು ಆರಿಸಬೇಕು. ಆಮೇಲೆ ಎನ್‌ವಿಡಿಎ ಕೀ, ಕಂಟ್ರೋಲ್, ವಿ ಒತ್ತಿ ದನಿಗಳ ಪಟ್ಟಿಯಲ್ಲಿ ಕನ್ನಡಕ್ಕೆ ಇಳಿಯಬೇಕು. ಇಸ್ಪೀಕ್ ಎನ್‌ವಿಡಿಎ ಜತೆಗೇ ಬರುತ್ತದೆ, ಇಂಟರ್ನೆಟ್ ಬೇಡ, ಹಳೆಯ ಕಂಪ್ಯೂಟರಿಗೂ ಭಾರವಾಗದು.

ಇಸ್ಪೀಕ್‌ನ ಕನ್ನಡ ಇಂಪಾಗಿಲ್ಲ. ತಗಡಿನ ಡಬ್ಬಿಯೊಳಗಿಂದ ಮಾತಾಡಿದಂತಿರುತ್ತದೆ, ಮೊದಲ ವಾರ ಕಿವಿಗೆ ಹಿಂಸೆ. ಆದರೂ ಶಿಫಾರಸು ಅದಕ್ಕೇ. ವೇಗ ಎಷ್ಟು ಏರಿಸಿದರೂ ಅಕ್ಷರ ನುಂಗುವುದಿಲ್ಲ, ಕೀ ಒತ್ತಿದ ಕ್ಷಣವೇ ಉತ್ತರಿಸುತ್ತದೆ, ನಡುವೆ ಇಂಗ್ಲಿಷ್ ಪದ ಬಂದರೆ ತಾನೇ ಇಂಗ್ಲಿಷ್ ಉಚ್ಚಾರಣೆಗೆ ಹೊರಳುತ್ತದೆ. ಕಾದಂಬರಿ ಕೇಳಲು ಫೋನಿನ ಕನ್ನಡ ದನಿ ಹಿತ. ಇನ್ನೂರು ಸಾಲಿನ ಫಲಾನುಭವಿಗಳ ಪಟ್ಟಿಯಲ್ಲಿ ಒಂದು ತಪ್ಪು ಹಿಡಿಯಲು ಇಸ್ಪೀಕ್ ಮೇಲು. ಕೆಲಸಕ್ಕೊಂದು ದನಿ ಬೇಕಾದರೆ ಎನ್‌ವಿಡಿಎ ಕೀ, ಕಂಟ್ರೋಲ್, ಪಿ ಒತ್ತಿ ಪ್ರೊಫೈಲ್ ಮಾಡಿಟ್ಟುಕೊಳ್ಳಬಹುದು: ವರ್ಡ್ ತೆರೆದರೆ ಕನ್ನಡ, ಇಮೇಲ್ ತೆರೆದರೆ ಇಂಗ್ಲಿಷ್.

ದನಿಯ ನಿಘಂಟು ಎಂಬ ಸೌಲಭ್ಯವನ್ನು ಬಹಳ ಮಂದಿ ಮುಟ್ಟುವುದೇ ಇಲ್ಲ, ಮುಟ್ಟಬೇಕು. ಸರ್ಕಾರಿ ಕನ್ನಡ ಸಂಕ್ಷೇಪಗಳ ಕಾಡು. ‘ಕ್ರ.ಸಂ.’ ಬಂದಾಗ ‘ಕ್ರಮ ಸಂಖ್ಯೆ’, ‘ಸ.ನಂ.’ ಬಂದಾಗ ‘ಸರ್ವೆ ನಂಬರ್’ ಎಂದು ಓದಲು ಅಲ್ಲಿ ಬರೆದಿಡಬಹುದು. ಹದಿನೈದು ಇಪ್ಪತ್ತು ಪದ ಸೇರಿಸುವಷ್ಟರಲ್ಲಿ ಕಚೇರಿಯ ಕಾಗದ ಕೇಳುವಂತಾಗುತ್ತದೆ.

ಕನ್ನಡದ ಅಕ್ಷರಗಳನ್ನು ಒಂದೊಂದಾಗಿ ತಿದ್ದುವುದಕ್ಕೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿನೊಳಗೆ ಆರು ಸಂಕೇತ: ಸ, ವಿರಾಮ (ಅರ್ಧಾಕ್ಷರದ ಗುರುತು), ತ, ವಿರಾಮ, ರ, ದೀರ್ಘ ಈ ಸ್ವರಚಿಹ್ನೆ. ಬಾಣದ ಕೀ ಒತ್ತಿದಾಗ ಕೆಲವು ಪ್ರೋಗ್ರಾಂಗಳಲ್ಲಿ ಇಡೀ ಗುಚ್ಛ ದಾಟಿಹೋಗುತ್ತದೆ, ಬ್ಯಾಕ್‌ಸ್ಪೇಸ್ ಒತ್ತಿದರೆ ಒಂದೇ ಚೂರು ಅಳಿಯುತ್ತದೆ. ಅಳಿಸಿದ ಮೇಲೆ ಆ ಪದವನ್ನು ಮತ್ತೊಮ್ಮೆ ಪೂರ್ತಿ ಕೇಳಿಸಿಕೊಳ್ಳುವುದನ್ನು ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ವೆಬ್ ಪುಟಗಳಲ್ಲಿ ಎನ್‌ವಿಡಿಎ ನಿಜವಾದ ಕಸುಬು ತೋರಿಸುತ್ತದೆ. ಎಚ್ ಒತ್ತಿದರೆ ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿತ, ಕೆ ಒತ್ತಿದರೆ ಕೊಂಡಿಗೆ, ಟಿ ಒತ್ತಿದರೆ ಕೋಷ್ಟಕಕ್ಕೆ, ಎಫ್ ಒತ್ತಿದರೆ ಅರ್ಜಿಯ ಮುಂದಿನ ಖಾನೆಗೆ. ಎನ್‌ವಿಡಿಎ ಕೀ ಜತೆ ಎಫ್7 ಒತ್ತಿದರೆ ಪುಟದಲ್ಲಿರುವ ಕೊಂಡಿ ಮತ್ತು ಶೀರ್ಷಿಕೆಗಳ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಪುಟ ನೆಟ್ಟಗಿದ್ದರೆ ಕಣ್ಣಿರುವವರು ಮೌಸ್ ಹುಡುಕುವಷ್ಟರಲ್ಲಿ ಕೆಲಸ ಆಗಿರುತ್ತದೆ. ನೆಟ್ಟಗಿಲ್ಲದ ಪುಟದ ಕಥೆ ಬೇರೆ. ಹೆಸರು, ತಂದೆಯ ಹೆಸರು, ಗ್ರಾಮ, ಹೋಬಳಿ ಎಂದು ಪರದೆಯ ಮೇಲೆ ಬರೆದಿರುತ್ತದೆ, ಆದರೆ ಆ ಬರಹವನ್ನು ಖಾನೆಗೆ ಲೇಬಲ್ ಆಗಿ ಕಟ್ಟಿರುವುದಿಲ್ಲ. ಕೇಳುವವರಿಗೆ ಸಿಗುವುದು ‘ಎಡಿಟ್, ಬ್ಲಾಂಕ್’ ಎಂಬ ಹನ್ನೆರಡು ಸಲದ ಜಪ. ಯಾವ ಖಾನೆ ಕಡ್ಡಾಯ ಎಂಬುದನ್ನು ಕೆಂಪು ಬಣ್ಣದಲ್ಲಷ್ಟೇ ತೋರಿಸಿರುತ್ತಾರೆ, ಬಣ್ಣಕ್ಕೆ ದನಿಯಿಲ್ಲ. ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನ ಮೊದಲ ಸಾಲಿನಲ್ಲಿ ಗುರುತು ಹಾಕುವ ಅಭ್ಯಾಸವೂ ಕಡಿಮೆ. ಹಾಕಿದ್ದರೆ ಎನ್‌ವಿಡಿಎ ಇಸ್ಪೀಕ್‌ನಲ್ಲಿ ತಾನೇ ಕನ್ನಡ ದನಿಗೆ ಹೊರಳುತ್ತಿತ್ತು.

ಆಮೇಲೆ ಕ್ಯಾಪ್ಚಾ. ‘ಎಲ್ಲರಿಗೂ ಒಂದೇ ನಿಯಮ’ ಎನ್ನುವುದು ಸಮಾನತೆಯಂತೆ ಕೇಳಿಸುತ್ತದೆ. ಅದು ಹೇಗೆ ಅನ್ಯಾಯವಾಗುತ್ತದೆ ಎಂದು ಅರಿಯಲು ಕ್ಯಾಪ್ಚಾಗಿಂತ ಒಳ್ಳೆಯ ಉದಾಹರಣೆ ಬೇಡ. ಸೊಟ್ಟ ಅಕ್ಷರದ ಚಿತ್ರವನ್ನು ಎಲ್ಲರೂ ಓದಿ ಬರೆಯಬೇಕು. ಯಂತ್ರ ಓದದಿರಲಿ ಎಂದೇ ಮಾಡಿದ ಚಿತ್ರ ಅದು, ಯಂತ್ರದ ಮೂಲಕವೇ ಓದುವ ಮನುಷ್ಯ ಅಲ್ಲಿಗೇ ಹೊರಗೆ. ದನಿಯ ಕ್ಯಾಪ್ಚಾ ಪಕ್ಕದಲ್ಲಿಟ್ಟರೆ ಅರ್ಧ ಪರಿಹಾರ. ಕಿವಿಯೂ ಮಂದವಿರುವವರಿಗೆ ಅದೂ ಇಲ್ಲ. ಫೋನಿಗೆ ಬರುವ ಒಟಿಪಿ ಸಾಕೆಂದು ಬಿಟ್ಟರೆ ಪೂರ್ತಿ ಪರಿಹಾರಕ್ಕೆ ಹತ್ತಿರ, ಅದಕ್ಕೆ ಮೂವತ್ತು ಸೆಕೆಂಡಿನ ಗಡುವು ಹಾಕದಿದ್ದರೆ. ಹಣದ ವ್ಯವಹಾರದಲ್ಲಿ ಇನ್ನೊಂದು ಗೋಡೆ ಎದ್ದಿದೆ: ಕ್ಯಾಮೆರಾ ನೋಡಿ ಕಣ್ಣು ಮಿಟುಕಿಸಿ ಎನ್ನುವ ಡಿಜಿಟಲ್ ಕೆವೈಸಿ. ಆಸಿಡ್ ದಾಳಿಗೆ ಒಳಗಾದವರು ಮತ್ತು ಅಂಧರ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟು, ಡಿಜಿಟಲ್ ಸೇವೆ ತಲುಪುವುದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಪಕ್ಕದವರಿಗೆ ಫೋನು ಕೊಟ್ಟು ಪಿನ್ ಹೇಳಿ ಕೆಲಸ ಮುಗಿಸಿಕೊಳ್ಳುವುದು ಸಹಾಯ ಎನಿಸಬಹುದು. ಹಾಗೆ ಪಿನ್ ಹೇಳಲೇಬೇಕಾದವನ ಹಣಕ್ಕೆ ಗುಟ್ಟಿಲ್ಲ. ಗುಟ್ಟಿನ ವಿಷಯದಲ್ಲಿ ಎನ್‌ವಿಡಿಎ ತನ್ನ ಪಾಲು ಮಾಡಿದೆ: ಎನ್‌ವಿಡಿಎ ಕೀ, ಕಂಟ್ರೋಲ್, ಎಸ್ಕೇಪ್ ಒತ್ತಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ. ಬೆನ್ನ ಹಿಂದೆ ನಿಂತವರಿಗೆ ಏನೂ ಕಾಣದು, ಹೆಡ್‌ಫೋನ್ ಹಾಕಿದವರಿಗೆ ಎಲ್ಲವೂ ಕೇಳುತ್ತದೆ.

ವೆಬ್ ಪುಟದ ಈ ತೊಡಕುಗಳು ಜಗತ್ತಿನ ಎಲ್ಲ ಭಾಷೆಗಳಿಗೂ ಇವೆ. ಕನ್ನಡದಂಥ ನಮ್ಮ ಭಾಷೆಗಳಿಗೆ ಇನ್ನೊಂದು ಶಾಪವಿದೆ, ಹಳೆಯ ಆಸ್ಕಿ ಫಾಂಟುಗಳು. ನುಡಿ, ಬರಹ ತಂತ್ರಾಂಶಗಳು ಕನ್ನಡವನ್ನು ಕಂಪ್ಯೂಟರಿಗೆ ತಂದದ್ದಕ್ಕೆ ಋಣ ತೀರದು. ಆದರೆ ಅವುಗಳ ಹಳೆಯ ಫಾಂಟುಗಳಲ್ಲಿ ಬರೆದ ಫೈಲಿನೊಳಗೆ ಕನ್ನಡವೇ ಇರುವುದಿಲ್ಲ. ‘ಕನ್ನಡ’ ಎಂದು ಕಾಣುವ ಪದ ಒಳಗೆ ಏಳು ಲ್ಯಾಟಿನ್ ಚಿಹ್ನೆಗಳ ಸಾಲು: ದೊಡ್ಡ ಪಿ, ತಲೆಗೆರೆಯ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ತಲೆಗೆರೆಯ ಎ, ಜರ್ಮನರ ಜೋಡಿ ಎಸ್, ಚಿಕ್ಕ ಕ್ಯೂ, ಮತ್ತೆ ತಲೆಗೆರೆಯ ಎ. ಫಾಂಟು ಆ ಚಿಹ್ನೆಗಳಿಗೆ ಕನ್ನಡದ ಚಿತ್ರದ ವೇಷ ಹಾಕುತ್ತದೆ. ಕಣ್ಣು ಆ ವೇಷವನ್ನು ನೋಡುತ್ತದೆ, ಎನ್‌ವಿಡಿಎ ಒಳಗಿನದನ್ನು ನೋಡುತ್ತದೆ. ಹಾಗಾಗಿ ಸುತ್ತೋಲೆಯೊಂದನ್ನು ತೆರೆದರೆ ಪಿ, ಪೌಂಡ್, ಕ್ಯೂ ಎಂಬ ಗೊಣಗಾಟ ಬಿಟ್ಟು ಬೇರೇನೂ ಕೇಳದು. ತಂತ್ರಾಂಶ ಇಲ್ಲಿ ತಪ್ಪು ಮಾಡುತ್ತಿಲ್ಲ, ಇದ್ದದ್ದನ್ನು ಇದ್ದ ಹಾಗೆ ಓದುತ್ತಿದೆ.

ವಿಂಡೋಸ್ ಎಕ್ಸ್‌ಪಿ ಕಾಲದಿಂದಲೂ, ಅಂದರೆ 2001ರಿಂದಲೇ, ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡ್ ವಿಂಡೋಸಿನಲ್ಲಿದೆ. ತುಂಗಾ ಫಾಂಟು ಬಂದದ್ದೂ ಆಗಲೇ. ನುಡಿಯಲ್ಲೇ ಯುನಿಕೋಡ್‌ನಲ್ಲಿ ಬರೆಯುವ ಆಯ್ಕೆ ಬಂದು ವರ್ಷಗಳಾದವು. ಹೀಗಿದ್ದೂ ಹಳೆಯ ನಮೂನೆಯ ಫೈಲನ್ನೇ ನಕಲು ಮಾಡಿ, ದಿನಾಂಕ ತಿದ್ದಿ, ಹೊಸ ಆದೇಶ ಹೊರಡಿಸುವ ಅಭ್ಯಾಸ ಬಿಟ್ಟಿಲ್ಲ. ಇದಕ್ಕೆ ಯಾರ ದುರುದ್ದೇಶವೂ ಬೇಕಿಲ್ಲ, ಅಭ್ಯಾಸ ಸಾಕು. ಹೊರಗುಳಿದವರಿಗೆ ಆಗುವ ನಷ್ಟ ಮಾತ್ರ ದುರುದ್ದೇಶದಿಂದ ಆಗುವಷ್ಟೇ.

ಫೈಲು ಯಾವ ಬಗೆಯದೆಂದು ಅಂಧ ನೌಕರರೇ ಪತ್ತೆ ಮಾಡಬಹುದು. ಪಠ್ಯದ ಮೇಲೆ ನಿಂತು ಎನ್‌ವಿಡಿಎ ಕೀ ಜತೆ ಎಫ್ ಒತ್ತಿದರೆ ಫಾಂಟಿನ ಹೆಸರು ಹೇಳುತ್ತದೆ. ನುಡಿ 01 ಇ ಎಂದೋ ಬಿಆರ್‌ಎಚ್ ಎಂದು ಶುರುವಾಗುವ ಹೆಸರೋ ಕೇಳಿ, ಪಠ್ಯ ಲ್ಯಾಟಿನ್ನಿನಂತೆ ಓದಿಸಿಕೊಂಡರೆ ಅದು ಆಸ್ಕಿ. ಅದನ್ನು ಯುನಿಕೋಡ್‌ಗೆ ಪರಿವರ್ತಿಸುವಾಗ ಮೊದಲು ಮೂಲ ಫೈಲಿನ ಪ್ರತಿ ತೆಗೆದಿಡಬೇಕು. ಇಡೀ ಫೈಲನ್ನು ಪರಿವರ್ತಕಕ್ಕೆ ಸುರಿಯಬಾರದು, ನಡುವಿನ ಇಂಗ್ಲಿಷ್ ಪದಗಳೂ ಇಮೇಲ್ ವಿಳಾಸಗಳೂ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ವರ್ಡ್‌ನಲ್ಲಿ ಒಂದು ಕನ್ನಡ ಸಾಲಿನ ಮೇಲೆ ನಿಂತು, ‘ಸೆಲೆಕ್ಟ್’ ಮೆನುವಿನಿಂದ ಅದೇ ಫಾರ್ಮ್ಯಾಟಿಂಗ್‌ನ ಎಲ್ಲ ಪಠ್ಯ ಆರಿಸುವ ಆಯ್ಕೆ ಬಳಸಿ, ಅಷ್ಟನ್ನೇ ಬದಲಿಸಬೇಕು. ಆಮೇಲೆ ಫಾಂಟನ್ನು ನಿರ್ಮಲಾ ಯುಐ ಅಥವಾ ತುಂಗಾಕ್ಕೆ ತರಬೇಕು.

ಕಡೆಗೆ ಅರ್ಕಾವತ್ತು ನೋಡಿಕೊಳ್ಳಬೇಕು. ಹಳೆಯ ಫಾಂಟಿನಲ್ಲಿ ‘ಕರ್ನಾಟಕ’ದ ಅರ್ಕಾವತ್ತು ‘ನಾ’ ಆದ ಮೇಲೆ ಕೂತಿರುತ್ತದೆ, ಯುನಿಕೋಡ್‌ನಲ್ಲಿ ರಕಾರ ‘ನಾ’ಗಿಂತ ಮೊದಲು ಬರಬೇಕು. ಈ ಅದಲುಬದಲು ಮಾಡುವಲ್ಲಿ ಒತ್ತಕ್ಷರವೂ ದೀರ್ಘವೂ ಕೂಡಿಬಂದಾಗ ಪರಿವರ್ತಕಗಳು ಜಾರುತ್ತವೆ. ಅರ್ಜಿ, ವರ್ಗಾವಣೆ, ಕಾರ್ಯದರ್ಶಿ, ನಿರ್ದೇಶಕ, ಆರ್ಥಿಕ ವರ್ಷ: ಆಡಳಿತದ ಕನ್ನಡ ನಿಂತಿರುವುದೇ ಅರ್ಕಾವತ್ತಿನ ಮೇಲೆ, ಆದ್ದರಿಂದ ಈ ಪರಿಶೀಲನೆ ಬಿಡುವಂತಿಲ್ಲ. ಎಕ್ಸೆಲ್ ಪಟ್ಟಿಗಳಿಗೆ ಈ ಶ್ರಮ ಪಟ್ಟ ಕಚೇರಿಗೆ ಬೋನಸ್ ಇದೆ. ಆಸ್ಕಿಯಲ್ಲಿ ಹೆಸರುಗಳು ಲ್ಯಾಟಿನ್ ಚಿಹ್ನೆಗಳ ಕ್ರಮದಲ್ಲಿ ಜೋಡಣೆಯಾಗಿ ಯಾರಿಗೂ ಅರ್ಥವಾಗದಂತೆ ಕೂರುತ್ತವೆ; ಯುನಿಕೋಡ್‌ಗೆ ಬಂದರೆ ಅ ಆ ಇ ಈ ಕ್ರಮಕ್ಕೆ ಬರುತ್ತವೆ, ಹುಡುಕಿದರೆ ಸಿಗುತ್ತವೆ. ಅಂಧರಿಗೆಂದು ಮಾಡಿದ್ದು ಕಣ್ಣಿರುವ ಗುಮಾಸ್ತರ ಅರ್ಧ ದಿನ ಉಳಿಸುತ್ತದೆ.

ಪಿಡಿಎಫ್ ಇನ್ನೂ ಕಷ್ಟ. ಸಹಿ ಮೊಹರು ಹಾಕಿ ಸ್ಕ್ಯಾನ್ ಮಾಡಿದ ಆದೇಶ ಬರೀ ಚಿತ್ರ, ಎನ್‌ವಿಡಿಎ ‘ಖಾಲಿ ದಾಖಲೆ’ ಎನ್ನುತ್ತದೆ. ಎನ್‌ವಿಡಿಎ ಕೀ ಜತೆ ಆರ್ ಒತ್ತಿದರೆ ಚಿತ್ರದೊಳಗಿನ ಅಕ್ಷರ ಗುರುತಿಸುವ ವಿಂಡೋಸಿನ ಓಸಿಆರ್ ಓಡುತ್ತದೆ, ಆದರೆ ಅದು ಕನ್ನಡಕ್ಕೆ ಬರುವುದಿಲ್ಲ. ಟೆಸರಾಕ್ಟ್ ಎಂಬ ಓಸಿಆರ್ ತಂತ್ರಾಂಶದ ಕನ್ನಡ ದತ್ತಾಂಶ ಅಥವಾ ಗೂಗಲ್ ಡ್ರೈವ್‌ನ ಓಸಿಆರ್ ಬಳಸಿ ಪಠ್ಯ ತೆಗೆಯಬಹುದು. ಅಚ್ಚುಕಟ್ಟಾದ ಮುದ್ರಣವಿದ್ದರೆ ಫಲಿತಾಂಶ ಪರವಾಗಿಲ್ಲ, ಮೊಹರು ಬಿದ್ದ ಕಡೆ ಗೋವಿಂದ. ಹಣದ ಮೊತ್ತ, ಸರ್ವೆ ನಂಬರು, ದಿನಾಂಕಗಳಿಗೆ ಓಸಿಆರ್ ನಂಬಬಾರದು. ಸಹಿ ಬೇಕೇ ಬೇಕೆಂದರೆ ಸ್ಕ್ಯಾನ್ ಪ್ರತಿಯ ಜತೆಗೆ ಮೂಲ ವರ್ಡ್ ಫೈಲನ್ನೂ ಹಾಕಿ, ಅಷ್ಟೇ ಸಾಕು. ವರ್ಡ್‌ನಿಂದ ಪಿಡಿಎಫ್ ಮಾಡುವಾಗ ‘ಪ್ರಿಂಟ್ ಟು ಪಿಡಿಎಫ್’ ಬೇಡ, ಅದು ಶೀರ್ಷಿಕೆ, ಕೋಷ್ಟಕಗಳ ಗುರುತನ್ನೆಲ್ಲ ಕಿತ್ತುಹಾಕುತ್ತದೆ. ‘ಸೇವ್ ಆ್ಯಸ್ ಪಿಡಿಎಫ್’ ಆರಿಸಿ, ಅದರ ಆಯ್ಕೆಗಳಲ್ಲಿ ದಾಖಲೆಯ ರಚನೆಯ ಟ್ಯಾಗುಗಳ ಪೆಟ್ಟಿಗೆಗೆ ಗುರುತಿರುವುದನ್ನು ನೋಡಿಕೊಳ್ಳಬೇಕು.

‘ಇದೆಲ್ಲ ಖರ್ಚಿನ ಮಾತು’ ಎಂಬ ಉತ್ತರಕ್ಕೆ ಕಾನೂನು ಏನೆನ್ನುತ್ತದೆ? 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 3ನೇ ಸೆಕ್ಷನ್ ಸಮಾನತೆ ಮತ್ತು ತಾರತಮ್ಯ ನಿಷೇಧದ್ದು. ಸಮಂಜಸ ಹೊಂದಾಣಿಕೆ ಎಂದರೆ ಅತಿಯಾದ ಹೊರೆಯಾಗದಂತೆ ಮಾಡಬಹುದಾದ ಅಗತ್ಯ ಬದಲಾವಣೆ ಎಂದು ಕಾಯ್ದೆಯೇ ಬಿಡಿಸಿ ಹೇಳಿದೆ. 42ನೇ ಸೆಕ್ಷನ್ ಮುದ್ರಿತ, ದನಿ, ಎಲೆಕ್ಟ್ರಾನಿಕ್ ಮಾಧ್ಯಮದ ವಿಷಯಗಳೆಲ್ಲ ಬಳಸಬಲ್ಲ ರೂಪದಲ್ಲಿರುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ ಎನ್ನುತ್ತದೆ. 21ನೇ ಸೆಕ್ಷನ್ ಪ್ರಕಾರ ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು. ತಂತ್ರಾಂಶ ಪುಕ್ಕಟೆ, ಕನ್ನಡ ದನಿ ಪುಕ್ಕಟೆ, ಯುನಿಕೋಡ್ ಫಾಂಟು ವಿಂಡೋಸ್ ಜತೆಗೇ ಬರುತ್ತದೆ. ಇದರಲ್ಲಿ ‘ಅತಿಯಾದ ಹೊರೆ’ ಎಲ್ಲಿದೆ ಎಂದು ತೋರಿಸುವ ಕೆಲಸ ಈಗ ಬೇಡವೆನ್ನುವವರದು. ಅಂಧ ನೌಕರರನ್ನು ನೇಮಿಸಿಕೊಂಡು, ಓದಲಾಗುವ ಫೈಲು ಕೊಡದೆ, ಟೆಲಿಫೋನ್ ಎತ್ತುವ ಕೆಲಸಕ್ಕೆ ಕೂರಿಸಿ ಸಂಬಳ ಕೊಡುವುದನ್ನು ಕೆಲವರು ಕರುಣೆ ಎಂದುಕೊಂಡಿದ್ದಾರೆ. ಬಡ್ತಿಯ ಪಟ್ಟಿ ಬಂದಾಗ ‘ಅವರಿಗೆ ಕಡತ ನಿರ್ವಹಣೆಯ ಅನುಭವ ಇಲ್ಲವಲ್ಲ’ ಎಂಬ ಷರಾ ಬೀಳುವುದು ಆ ಕರುಣೆಯ ಫಲವೇ.

ಪುಟ ಕಟ್ಟುವ ಡೆವಲಪರುಗಳಿಗೂ ಎನ್‌ವಿಡಿಎ ಒಳ್ಳೆಯ ಉಪಕರಣ. ಅದರ ಮೆನುವಿನ ಟೂಲ್ಸ್‌ನಲ್ಲಿ ಸ್ಪೀಚ್ ವ್ಯೂವರ್ ಇದೆ, ಹೇಳುತ್ತಿರುವುದನ್ನು ಬರಹದಲ್ಲೂ ತೋರಿಸುತ್ತದೆ. ಮೌಸ್ ಕಿತ್ತಿಟ್ಟು, ಟ್ಯಾಬ್ ಕೀ ಒಂದರಿಂದಲೇ ಅರ್ಜಿಯ ಮೊದಲ ಖಾನೆಯಿಂದ ‘ಸಲ್ಲಿಸು’ ಗುಂಡಿಯವರೆಗೆ ಹೋಗಿ ನೋಡಿ. ಪ್ರತಿ ಖಾನೆಯ ಹೆಸರು ಕೇಳಿತೇ, ತಪ್ಪು ತುಂಬಿದಾಗ ತಪ್ಪಿನ ಸಂದೇಶ ಕೇಳಿತೇ, ದಿನಾಂಕವನ್ನು ಟೈಪ್ ಮಾಡಲು ಬಿಟ್ಟಿತೇ ಅಥವಾ ಕ್ಯಾಲೆಂಡರಿನ ಚೌಕದ ಮೇಲೆ ಕ್ಲಿಕ್ಕಿಸಲೇಬೇಕೇ? ನಮ್ಮಲ್ಲಿ ಐಎಸ್ 17802 ಎಂಬ ಮಾನಕವೇ ಇದಕ್ಕಿದೆ. ಯಂತ್ರದಿಂದ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ತೂಗುಹಾಕುವುದಕ್ಕಿಂತ ದಿನವೂ ಸ್ಕ್ರೀನ್ ರೀಡರ್ ಬಳಸುವವರಿಗೆ ಸಂಭಾವನೆ ಕೊಟ್ಟು ಅರ್ಧ ಗಂಟೆ ಕೂರಿಸುವುದು ಹೆಚ್ಚು ಫಲ ಕೊಡುತ್ತದೆ. ಸಂಭಾವನೆ ಕೊಟ್ಟು ಎಂಬುದನ್ನು ಮರೆಯಬಾರದು. ‘ಸ್ವಲ್ಪ ಟೆಸ್ಟ್ ಮಾಡಿಕೊಡಿ’ ಎಂದು ಅಂಧರನ್ನು ಪುಕ್ಕಟೆ ದುಡಿಸುವ ಚಾಳಿ ಬಹಳ ಇದೆ.

ಅರ್ಧ ಅಂಕ ಕಳೆದದ್ದು ಯಾಕೆಂದರೆ, ದನಿಯ ಆಯ್ಕೆ ಹೊಸಬರಿಗೆ ಸುಲಭವಾಗಿ ಸಿಗದಷ್ಟು ಒಳಗಿದೆ; ಕನ್ನಡದಲ್ಲಿ ಕಲಿಸುವ ಹಂತಹಂತದ ಪಾಠಗಳು ಸಾಲವು; ಕೆಲವು ಹಳೆಯ ಲೆಕ್ಕಪತ್ರ ತಂತ್ರಾಂಶಗಳಲ್ಲಿ ಎನ್‌ವಿಡಿಎ ಮೂಕಾಗುತ್ತದೆ, ಅಲ್ಲಿ ಆಯಾ ತಂತ್ರಾಂಶಕ್ಕೆಂದೇ ಬರೆದ ಜಾಸ್‌ನ ಸ್ಕ್ರಿಪ್ಟುಗಳು ಇನ್ನೂ ಮುಂದಿವೆ. ಬ್ರೈಲ್ ಬಲ್ಲವರಿಗೆ ಮಾತ್ರ ದೂರಲು ಕಾರಣವಿಲ್ಲ. ಇಪ್ಪತ್ತು ಚುಕ್ಕಿಕೋಶದ ಅಗ್ಗದ ಬ್ರೈಲ್ ಡಿಸ್‌ಪ್ಲೇ ಜೋಡಿಸಿದರೂ ಭಾರತೀಯ ಭಾಷೆಗಳ ಬ್ರೈಲ್ ಲಿಪಿಯಾದ ಭಾರತಿ ಬ್ರೈಲ್‌ನಲ್ಲಿ ಕನ್ನಡ ಬೆರಳ ಕೆಳಗೆ ಬರುತ್ತದೆ. ಮೂಲ ಫೈಲು ಯುನಿಕೋಡ್ ಆಗಿರಬೇಕು, ಅಷ್ಟೇ.

ಪರೀಕ್ಷೆ ಬರೆಯುವವರಿಗೆ ಒಂದು ಸೂಚನೆ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗಬೇಕು, ಕಂಪ್ಯೂಟರಿನಲ್ಲಿ ಬರೆಯುವವರಿಗೆ ಆ ಯಂತ್ರವನ್ನು ಹಿಂದಿನ ದಿನವೇ ಪರೀಕ್ಷಿಸಲು ಬಿಡಬೇಕು ಎಂದು ಕೇಂದ್ರ ಸರ್ಕಾರದ 2018ರ ಆಗಸ್ಟ್ ಮಾರ್ಗಸೂಚಿ ಹೇಳಿತ್ತು; ಆಮೇಲೆ ಅದು ಪರಿಷ್ಕೃತವಾಗಿದೆ, ನಿಮ್ಮ ಪರೀಕ್ಷೆಯ ಈಗಿನ ನಿಯಮ ನೋಡಿಕೊಳ್ಳಿ. ಆ ಅವಕಾಶ ಕೇಳಿ ಪಡೆಯಿರಿ. ಹೋದಾಗ ಎನ್‌ವಿಡಿಎ ಇದೆಯೇ ಎಂದಷ್ಟೇ ನೋಡಿ ಬರಬೇಡಿ. ಇಸ್ಪೀಕ್‌ನಲ್ಲಿ ಕನ್ನಡ ಆಯ್ಕೆಯಾಗಿದೆಯೇ, ಹೆಡ್‌ಫೋನಿನ ಎರಡೂ ಕಿವಿಗೆ ದನಿ ಬರುತ್ತಿದೆಯೇ, ಮಾದರಿ ಪ್ರಶ್ನೆಪತ್ರಿಕೆ ಯುನಿಕೋಡ್‌ನಲ್ಲಿದೆಯೇ ಎಂದು ಒಂದೆರಡು ಪ್ರಶ್ನೆ ಓದಿಸಿ ನೋಡಿ. ಪಿ, ಪೌಂಡ್, ಕ್ಯೂ ಎಂದು ಕೇಳಿದರೆ ಅಲ್ಲೇ ಮೇಲ್ವಿಚಾರಕರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಫೈಲು ಬದಲಿಸಲು ಅವರಿಗೆ ಇನ್ನೂ ಒಂದು ರಾತ್ರಿ ಇರುತ್ತದೆ.